ವೈದ್ಯನು ಮುಖ್ಯಸ್ಥನಾದಾಗ



ವೈದ್ಯವಿಷಯವಾಗಿ ಬಾನುಲಿಯಲ್ಲಿ ಮಾತನಾಡುವವರು ಸಾಮಾನ್ಯವಾಗಿ ಯಾವುದಾದರೊಂದು ರೋಗವನ್ನೋ ಔಷಧವನ್ನೋ ಪಥ್ಯವನ್ನೋ ಕುರಿತು ಹೇಳುವರು. ನಾನು ಈ ಹೊತ್ತು ಹೇಳಬೇಕೆಂದಿರುವುದು ರೋಗಿಯ ಮಾತಲ್ಲ, ವೈದ್ಯನ ಮಾತು. ಅದರಲ್ಲಿಯೂ ಅವನ ಜೀವನದ ಒಂದು ತಿರುವಿನ ಮಾತು. ಹತ್ತು ಹದಿನೈದು ವರ್ಷ ರೋಗಿಗಳ ಹಾಸಿಗೆಯ ಬಳಿ ದುಡಿದು, ಕೈಗುಣವುಳ್ಳವನೆಂದು ಹೆಸರಾದ ವೈದ್ಯನೊಬ್ಬನನ್ನು ಮೇಲಿನವರು ಒಂದು ದಿನ ಕರೆಯುತ್ತಾರೆ. "ನಾಳೆಯಿಂದ ಈ ಆಸ್ಪತ್ರೆಯನ್ನು ನಡೆಸುವ ಭಾರ ನಿಮ್ಮದು" ಎನ್ನುತ್ತಾರೆ. ಮನೆಯಲ್ಲಿ ಹಬ್ಬವಾಗುತ್ತದೆ. ನೆಂಟರಿಷ್ಟರು ಬಂದು, ಬಡ್ತಿ ಬಂದಿತೆಂದು ಸಂತೋಷಪಟ್ಟು, ಹೋಳಿಗೆಯ ಊಟ ಮಾಡಿ ಹೋಗುತ್ತಾರೆ. ಆದರೆ ಬಂದಿರುವುದು ಬಡ್ತಿಯೋ, ಬೇರೊಂದು ಕಸಬೋ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಅದು ಬೇರೊಂದು ಕಸಬೇ ಎಂದು ನನ್ನ ಮತ. ಮದುವೆಯ ಮನೆಯಲ್ಲಿ ಹುಳಿ ಸಾರುಗಳನ್ನು ಅಮೃತದಂತೆ ಇಳಿಸುವ ಅಡುಗೆಯವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಉಗ್ರಾಣದಲ್ಲಿ ಕೂರಿಸಿದರೆ ಏನಾಗುವುದು? ಸೌಟು ಹಿಡಿದ ಕೈ ಸುಮ್ಮನಿರಲಾರದು. ಉಪ್ಪು ಸರಿಯಾಯಿತೆ ಎಂದು ನೋಡುವುದಕ್ಕೆ ಅವನು ಗಳಿಗೆಗೊಮ್ಮೆ ಒಲೆಯ ಬಳಿಗೆ ಓಡುತ್ತಿರುತ್ತಾನೆ; ಇತ್ತ ಎರಡನೆಯ ಪಂಕ್ತಿಗೆ ಎಲೆಯೇ ಇಲ್ಲದೆ ಹೋಗುತ್ತದೆ.

ವೈದ್ಯನೆಂದು ನಾನು ಹೇಳುವಾಗ ಹೆಂಗಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ದಾದಿಯರ ಮೇಲ್ವಿಚಾರಣೆಗೆ ಏರಿದ ದಾದಿಗೂ ಔಷಧಶಾಲೆಯ ಮುಖ್ಯಸ್ಥನಾದ ಕಾಂಪೌಂಡರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ತರಗುಪೇಟೆಯವರೆಗೆ ಹೋದರೆ ಸಾಕು. ತರಗು ಎಂದರೆ ದವಸಧಾನ್ಯ. ಹಳೆಯ ಪೇಟೆಯ ಹೊಟ್ಟೆಗೆ ಹಾಕುವ ರಾಗಿ, ಅಕ್ಕಿ, ಬೇಳೆ, ಬೆಲ್ಲಗಳೆಲ್ಲ ಗಾಡಿಗಳಲ್ಲಿ ಬಂದು ಇಳಿಯುತ್ತಿದ್ದುದು ಈ ಬೀದಿಗಳಲ್ಲಿ. ಸಗಟು ವ್ಯಾಪಾರದ ಒಂದು ಭಾಗ ಯಶವಂತಪುರಕ್ಕೆ ಹೋಗಿದ್ದರೂ ಇಂದಿಗೂ ಅಲ್ಲಿ ಮಂಡಿಗಳುಂಟು, ಗೋಣಿಚೀಲದ ವಾಸನೆಯುಂಟು, ಬೆನ್ನಿನ ಮೇಲೆ ಮೂಟೆ ಹೊತ್ತು "ದಾರಿ, ದಾರಿ" ಎಂದು ಕೂಗುವ ಹಮಾಲಿಗಳುಂಟು. ಧಾನ್ಯವಿದ್ದಲ್ಲಿ ಇಲಿಯುಂಟು. ಮಂಡಿಯ ಯಜಮಾನನು ಇಲಿಯನ್ನು ಶತ್ರುವೆಂದೇನೂ ಎಣಿಸುತ್ತಿರಲಿಲ್ಲ. ಅದು ಗಣಪತಿಯ ವಾಹನ. ಅದು ತಿಂದುದು ವ್ಯಾಪಾರದ ಖರ್ಚಿನಲ್ಲಿ ಒಂದು ಬಾಬು. 1898ನೆಯ ಇಸವಿಯ ಆಗಸ್ಟ್ ತಿಂಗಳಿನವರೆಗೆ ಈ ಲೆಕ್ಕ ಹೀಗೆಯೇ ನಡೆಯಿತು.

ಆ ತಿಂಗಳಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಅದು ಬಂದ ದಾರಿಯನ್ನು ಸ್ವಲ್ಪ ನೋಡಬೇಕು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಎಂಬ ಪೇಟೆಯಲ್ಲಿ ಅಕಾಸಿಯೊ ಗೇಬ್ರಿಯಲ್ ವಿಯೇಗಾಸ್ ಎಂಬ ಡಾಕ್ಟರು ಜ್ವರವೂ ಗಡ್ಡೆಯೂ ಕೂಡಿದ ರೋಗಿಗಳನ್ನು ಕಂಡು, ಇದು ಪ್ಲೇಗು ಎಂದು ಗುರುತಿಸಿದರು. ಮಾಂಡ್ವಿಯೂ ತರಗುಪೇಟೆಯಂತೆಯೇ ಧಾನ್ಯದ ಉಗ್ರಾಣಗಳ ಪೇಟೆ. ವಿಯೇಗಾಸರು ಮನೆಮನೆಗೆ ಹೋಗಿ ನೋಡುವ ಖಾಸಗಿ ವೈದ್ಯರು. ಮುಂಬಯಿ ಕಾರ್ಪೊರೇಷನ್ನಿನ ಸದಸ್ಯರೂ ಆಗಿದ್ದರು. ಒಂದು ಹಾಸಿಗೆಯ ಬಳಿ ಕಂಡದ್ದನ್ನು ಅವರು ಊರಿನ ಸಭೆಗೆ ಮುಟ್ಟಿಸಬಲ್ಲವರಾಗಿದ್ದುದು ಆ ಊರಿನ ಪುಣ್ಯ. 1906ರಲ್ಲಿ ಅವರೇ ಆ ಕಾರ್ಪೊರೇಷನ್ನಿನ ಅಧ್ಯಕ್ಷರಾದರು. ಮುಂಬಯಿಯಿಂದ ರೋಗವು ಪುಣೆಗೂ ಧಾರವಾಡ ಹುಬ್ಬಳ್ಳಿಗಳಿಗೂ ಹಬ್ಬಿ, ರೈಲಿನ ದಾರಿ ಹಿಡಿದು, ಎರಡು ವರ್ಷಗಳಲ್ಲಿ ನಮ್ಮ ಬಾಗಿಲಿಗೆ ಬಂದಿತು.

ಆಗ ವೈದ್ಯರಿಗೆ ಏನು ತಿಳಿದಿತ್ತು? ರೋಗದ ಕ್ರಿಮಿಯನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯರ್ಸಿನ್ ಎಂಬವರು ಕಂಡುಹಿಡಿದಿದ್ದರು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದರು. ಆದರೆ ಇಲಿಯಿಂದ ಮನುಷ್ಯನಿಗೆ ರೋಗವನ್ನು ತರುವುದು ಚಿಗಟವೆಂದು ಸಿಮೋಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಅದೇ 1898ರಲ್ಲಿ. ಅದನ್ನು ಪಂಡಿತರು ಒಪ್ಪುವುದಕ್ಕೆ ಇನ್ನೂ ಏಳೆಂಟು ವರ್ಷ ಹಿಡಿಯಿತು. ರೋಗಕ್ಕೆ ನೆಚ್ಚತಕ್ಕ ಮದ್ದಂತೂ 1940ರ ದಶಕದವರೆಗೆ ಇರಲಿಲ್ಲ. ಆದುದರಿಂದ 1898ರಲ್ಲಿ ಪ್ಲೇಗಿನ ರೋಗಿಯ ಹಾಸಿಗೆಯ ಬಳಿ ಕುಳಿತ ವೈದ್ಯನು, ಎಷ್ಟೇ ಪಂಡಿತನಾಗಿರಲಿ, ಮಾಡಬಹುದಾದದ್ದು ಬಹು ಸ್ವಲ್ಪ. ನೀರು ಕೊಡಬಹುದು, ಗಡ್ಡೆಗೆ ಶಾಖ ಕೊಡಬಹುದು, ಮನೆಯವರಿಗೆ ಧೈರ್ಯ ಹೇಳಬಹುದು. ಬದುಕಿಸುವ ಕೆಲಸವೆಲ್ಲ ಹಾಸಿಗೆಯ ಹೊರಗಿತ್ತು: ಯಾವ ಮನೆಯಲ್ಲಿ ರೋಗ ಬಂದಿದೆ ಎಂಬ ಸುದ್ದಿಯನ್ನು ಆ ದಿನವೇ ತರಿಸುವುದು, ಮನೆಯನ್ನು ಬಿಡಿಸುವುದು, ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ಗುಡಿಸಲು ಹಾಕಿಸುವುದು, ಆ ಗುಡಿಸಲಿಗೆ ನೀರು ಅಕ್ಕಿ ಸೌದೆ ತಲಪಿಸುವುದು, ಹೆದರಿದವರನ್ನು ಒಪ್ಪಿಸಿ ಲಸಿಕೆ ಹಾಕಿಸುವುದು. ಇವುಗಳಲ್ಲಿ ಒಂದನ್ನೂ ವೈದ್ಯನು ತನ್ನ ಎರಡು ಕೈಗಳಿಂದ ಮಾಡಲಾರ. ಎಲ್ಲವನ್ನೂ ಬೇರೆಯವರ ಕೈಗಳಿಂದ ಮಾಡಿಸಬೇಕು. ಕೈಗುಣಕ್ಕೆ ಬೆಲೆಯೇ ಇಲ್ಲದ ಒಂದು ರೋಗ ಬಂದು, ವೈದ್ಯವೃತ್ತಿಯ ಮತ್ತೊಂದು ಮುಖವನ್ನು ಬೆಂಗಳೂರಿಗೆ ತೋರಿಸಿತು.

ಮೈಸೂರು ಸರ್ಕಾರವು ಪ್ಲೇಗ್ ಕಮಿಷನರ ಪದವಿಯನ್ನು ವೈದ್ಯರಿಗೆ ಕೊಡಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಅದನ್ನು ಕೊಟ್ಟದ್ದು ಆಡಳಿತದಲ್ಲಿ ಪಳಗಿದ್ದ ವಿ. ಪಿ. ಮಾಧವರಾಯರಿಗೆ, ಮುಂದೆ 1906ರಲ್ಲಿ ದಿವಾನರಾದವರು ಅವರೇ. ಆಗಿನ ದಿವಾನರು ಶೇಷಾದ್ರಿ ಅಯ್ಯರ್. ವೈದ್ಯರು ಇದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಗಾಡಿ, ಗುಡಿಸಲು, ಕೂಲಿ, ಪೊಲೀಸು, ಹಣ ಇವುಗಳನ್ನು ಒಂದು ಹೊತ್ತಿಗೆ ಒಂದು ಸ್ಥಳದಲ್ಲಿ ಕೂಡಿಸುವ ವಿದ್ಯೆಯನ್ನು ವೈದ್ಯಕೀಯ ಕಾಲೇಜುಗಳು ಆಗ ಕಲಿಸುತ್ತಿರಲಿಲ್ಲ. ಈಗಲೂ ಕಲಿಸುವುದು ಅಷ್ಟಕ್ಕಷ್ಟೆ. ಬೆಂಗಳೂರಿನಲ್ಲಿ ಪ್ಲೇಗು ನಿವಾರಣೆಯ ಕೆಲಸಗಳನ್ನು ಹೊಂದಿಸುವುದಕ್ಕಾಗಿಯೇ ಆಗ ಟೆಲಿಫೋನಿನ ತಂತಿಗಳನ್ನು ಎಳೆದರೆಂಬುದನ್ನು ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ರೋಗವನ್ನು ಎದುರಿಸುವುದಕ್ಕೆ ಸ್ಟೆಥಾಸ್ಕೋಪಿಗಿಂತ ಟೆಲಿಫೋನು ಹೆಚ್ಚು ಬೇಕಾದ ಕಾಲ ಅದು. ಅದೇ ವರ್ಷ ನಗರಕ್ಕೆ ಆರೋಗ್ಯಾಧಿಕಾರಿ, ಜನರ ಮಾತಿನಲ್ಲಿ ಹೆಲ್ತ್ ಆಫೀಸರು, ಎಂಬ ಒಂದು ಹೊಸ ಹುದ್ದೆಯೂ ಹುಟ್ಟಿತು.

ಆ ಪ್ಲೇಗಿನಲ್ಲಿ ದುಡಿದು, ಮುಂದೆ ಬೆಂಗಳೂರಿನ ಆರೋಗ್ಯಾಧಿಕಾರಿಯೂ ಆದ ಒಬ್ಬರನ್ನು ನಾವು ನೆನೆಯಬೇಕು. ಅವರು ಡಾಕ್ಟರ್ ಪದ್ಮನಾಭನ್ ಪಲ್ಪು. ಹುಟ್ಟಿದ್ದು 1863ರಲ್ಲಿ, ತಿರುವನಂತಪುರದಲ್ಲಿ, ಈಳವರೆಂಬ ಕುಲದಲ್ಲಿ. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಡಾಕ್ಟರಾಗಿ ಊರಿಗೆ ಹಿಂದಿರುಗಿದರೆ, ಕುಲದ ಕಾರಣದಿಂದ ಅವರ ಸ್ವಂತ ಸಂಸ್ಥಾನವು ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನವು ಕೊಟ್ಟಿತು. ಅವರು ಇಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆಯಲ್ಲಿ ಕೆಲಸಮಾಡಿದರು. 1898ರ ಪ್ಲೇಗಿನಲ್ಲಿ, ಬೇರೆಯವರು ಊರು ಬಿಡುತ್ತಿದ್ದಾಗ, ರೋಗಿಗಳ ನಡುವೆ ನಿಂತರು. ಆ ಕಾಲದಲ್ಲಿಯೇ ಸರ್ಕಾರವು ಅವರನ್ನು ಇಂಗ್ಲೆಂಡಿಗೆ ಕಳುಹಿಸಿತು. ಕೇಂಬ್ರಿಜ್ಜಿನಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದು ಬಂದು, ಅವರು ನಗರದ ಆರೋಗ್ಯದ ಭಾರವನ್ನು ಹೊತ್ತರು.

ಒಳ್ಳೆಯ ಡಾಕ್ಟರಾಗಿದ್ದ ಮನುಷ್ಯನಿಗೆ ಊರಿನ ಆರೋಗ್ಯವನ್ನು ಒಪ್ಪಿಸುವಾಗ, "ನಿನಗೆ ಎಲ್ಲಾ ಗೊತ್ತಿದೆ, ಕುಳಿತುಕೋ" ಎನ್ನದೆ, ಇದು ಬೇರೆ ವಿದ್ಯೆ, ಕಲಿತು ಬಾ ಎಂದು ಕಳುಹಿಸಿದ ವಿವೇಕವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಇಂದು ನಮ್ಮ ಆಸ್ಪತ್ರೆಗಳಲ್ಲಿ, ಸರ್ಕಾರದವಾಗಲಿ ಖಾಸಗಿಯವಾಗಲಿ, ಎಷ್ಟು ಜನ ಮುಖ್ಯಸ್ಥರಿಗೆ ಕುರ್ಚಿಗೆ ಮುಂಚೆ ಪಾಠ ದೊರೆಯುತ್ತದೆ? ಸೇವೆಯ ವರ್ಷಗಳನ್ನು ಎಣಿಸುತ್ತೇವೆ, ಶಸ್ತ್ರಚಿಕಿತ್ಸೆಗಳನ್ನು ಎಣಿಸುತ್ತೇವೆ. ಅಷ್ಟಕ್ಕೆ ಬೀಗದ ಕೈ ಒಪ್ಪಿಸಿಬಿಡುತ್ತೇವೆ.

ಈ ಬೇರೆ ವಿದ್ಯೆ ಎಂಬುದು ಏನು? ಅದರ ಮೊದಲನೆಯ ಕಷ್ಟವನ್ನು ತರಗುಪೇಟೆಯಲ್ಲಿಯೇ ಕಲ್ಪಿಸಿಕೊಳ್ಳಬಹುದು. ರೋಗಿಯು ವೈದ್ಯನ ಬಳಿಗೆ ತಾನಾಗಿ ಬರುತ್ತಾನೆ. ನೋವಿದೆ, ಆದುದರಿಂದ ನಾಲಗೆ ಚಾಚೆಂದರೆ ಚಾಚುತ್ತಾನೆ, ಕಹಿಯನ್ನು ಕುಡಿಯೆಂದರೆ ಕುಡಿಯುತ್ತಾನೆ. ವೈದ್ಯನಿಗೆ ಇದು ಅಭ್ಯಾಸವಾಗಿ, ತನ್ನ ಮಾತನ್ನು ಜನ ಕೇಳುವುದು ಸೃಷ್ಟಿನಿಯಮವೆಂದೇ ನಂಬುವನು. ಮಂಡಿಯ ಯಜಮಾನನಿಗೆ ನೋವಿಲ್ಲ. ಅವನು ಯಾರನ್ನೂ ಕರೆಸಿಲ್ಲ. ಅವನ ಬಾಗಿಲಿಗೆ ಆರೋಗ್ಯಾಧಿಕಾರಿ ಹೋಗಿ, "ಸ್ವಾಮಿ, ಈ ಮೂಟೆಗಳನ್ನೆಲ್ಲ ಹೊರಗೆ ಹಾಕಿಸಿ, ಮಾಡಿನ ಹೆಂಚು ತೆಗೆಸಿ, ಹತ್ತು ದಿನ ಅಂಗಡಿ ಮುಚ್ಚಿ" ಎನ್ನಬೇಕು. ಒಳಗೆ ಮುದಿತಾಯಿ ಮಲಗಿದ್ದರೆ, ಅವಳನ್ನು ಊರ ಹೊರಗಿನ ಗುಡಿಸಲಿಗೆ ಸಾಗಿಸಬೇಕು ಎನ್ನಬೇಕು. ಅಲ್ಲಿಗೆ ಹೋದವರು ಹಿಂದಿರುಗರೆಂಬ ಮಾತು ಬೀದಿಯಲ್ಲೆಲ್ಲ ಹಬ್ಬಿದೆ. ಪ್ಲೇಗಿನಮ್ಮನಿಗೆ ಜನ ಗುಡಿ ಕಟ್ಟಿದರು. ಪ್ಲೇಗ್ ಮಾರಮ್ಮನ ಅಂಥ ಗುಡಿಗಳು ಈ ಊರಿನಲ್ಲಿ ಇನ್ನೂ ಇವೆ. ಅಮ್ಮನಿಗೆ ತಂಬಿಟ್ಟು ಒಪ್ಪಿಸುವುದು ಸುಲಭ, ಆಫೀಸರಿಗೆ ತಾಯಿಯನ್ನು ಒಪ್ಪಿಸುವುದು ಕಷ್ಟ. ಇದನ್ನು ಮೌಢ್ಯವೆಂದು ನಗುವವರು ತಮ್ಮ ತಾಯಿಯನ್ನು ನೆನೆಸಿಕೊಂಡು ನಗಬೇಕು.

ಇಂಥ ಸಂದರ್ಭದಲ್ಲಿ ಬಲಾತ್ಕಾರವೊಂದೇ ದಾರಿ ಎಂದು ಹೊರಟರೆ ಏನಾಗುವುದೆಂಬುದಕ್ಕೆ ಪುಣೆಯಲ್ಲಿ ಹಿಂದಿನ ವರ್ಷವೇ ಭಯಂಕರವಾದ ನಿದರ್ಶನವಾಗಿತ್ತು. ಅಲ್ಲಿ ಪ್ಲೇಗಿನ ಅಧಿಕಾರವನ್ನು ವಹಿಸಿದ್ದ ರ‍್ಯಾಂಡ್ ಎಂಬ ಸಿವಿಲ್ ಅಧಿಕಾರಿ ಮನೆಗಳ ಶೋಧನೆಗೆ ಸಿಪಾಯಿಗಳನ್ನು ನುಗ್ಗಿಸಿದರು. ದೇವರ ಮನೆ, ಹೆಂಗಸರ ಕೋಣೆ ಎಂಬ ಭೇದ ಉಳಿಯಲಿಲ್ಲವೆಂದು ಜನ ಕುದಿದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಅವರನ್ನು ಗುಂಡಿಟ್ಟರು. ಕೊಲೆಯನ್ನು ನಾನು ಸಮರ್ಥಿಸುತ್ತಿಲ್ಲ. ಕ್ರಮಗಳು ಶಾಸ್ತ್ರಸಮ್ಮತವಾಗಿದ್ದ ಮಾತ್ರಕ್ಕೆ ಜನರು ಬಾಗಿಲು ತೆರೆಯುವುದಿಲ್ಲ ಎಂಬುದಷ್ಟೆ ನನ್ನ ಅಭಿಪ್ರಾಯ. ಬಾಗಿಲು ಮುಚ್ಚಿದರೆ ರೋಗ ಒಳಗೆ ಬಚ್ಚಿಟ್ಟುಕೊಳ್ಳುತ್ತದೆ. ಬಚ್ಚಿಟ್ಟುಕೊಂಡ ರೋಗವೇ ಹಬ್ಬುವ ರೋಗ.

ಇನ್ನೊಂದು ಕಷ್ಟ ಮನೆಯೊಳಗಿನದು, ಅಂದರೆ ತನ್ನ ತಂಡದೊಳಗಿನದು. ಇದಕ್ಕೆ ಚೀನಾ ದೇಶದ ಒಂದು ವೃತ್ತಾಂತವನ್ನು ಹೇಳುತ್ತೇನೆ, ಅದೂ ಪ್ಲೇಗಿನದೇ. 1910ರ ಡಿಸೆಂಬರಿನಲ್ಲಿ ಮಂಚೂರಿಯದ ಹರ್ಬಿನ್ ಪಟ್ಟಣದಲ್ಲಿ ಜನ ರಕ್ತ ಕೆಮ್ಮಿ ಒಂದೆರಡು ದಿನಗಳಲ್ಲಿ ಸಾಯುತ್ತಿದ್ದರು. ಅಲ್ಲಿಗೆ ಸರ್ಕಾರವು ಕಳುಹಿಸಿದ್ದು ವು ಲಿಯೆನ್‌ತೆ ಎಂಬ ಮೂವತ್ತೊಂದು ವರ್ಷದ ಡಾಕ್ಟರನ್ನು. ಇವರು ಪೆನಾಂಗಿನಲ್ಲಿ ಹುಟ್ಟಿ, ಪಲ್ಪು ಅವರಂತೆಯೇ ಕೇಂಬ್ರಿಜ್ಜಿನಲ್ಲಿ ಓದಿದವರು. ಇದು ಶ್ವಾಸಕೋಶದ ಪ್ಲೇಗು, ಇಲಿಯ ನೆರವಿಲ್ಲದೆ ಉಸಿರಿನಿಂದಲೇ ಹರಡುತ್ತದೆ ಎಂದು ಅವರು ನಿರ್ಧರಿಸಿ, ತಮ್ಮ ಕೈಕೆಳಗಿನವರೆಲ್ಲರೂ ಬಟ್ಟೆ ಹತ್ತಿಗಳ ಮುಖವಸ್ತ್ರ ಕಟ್ಟಬೇಕೆಂದರು. ಅನುಭವದಲ್ಲಿ ಹಿರಿಯರಾದ ಮೆಸ್ನಿ ಎಂಬ ಫ್ರೆಂಚ್ ಡಾಕ್ಟರು ಈ ಚಿಕ್ಕವನ ಮಾತನ್ನು ಹೀಯಾಳಿಸಿ, ಮುಖವಸ್ತ್ರವಿಲ್ಲದೆ ರೋಗಿಗಳನ್ನು ಪರೀಕ್ಷಿಸಿದರು. ಕೆಲವೇ ದಿನಗಳಲ್ಲಿ, 1911ರ ಜನವರಿ 11ರಂದು, ಅದೇ ರೋಗದಿಂದ ತೀರಿಕೊಂಡರು. ಆ ಮೇಲೆ ಮುಖವಸ್ತ್ರ ಕಟ್ಟೆಂದು ಯಾರಿಗೂ ಹೇಳಬೇಕಾಗಲಿಲ್ಲವಂತೆ.

ನನಗೆ ಇಲ್ಲಿ ಮುಖ್ಯವಾಗಿ ತೋರುವುದು ಮುಖವಸ್ತ್ರವಲ್ಲ, ವು ಅವರು ತಮ್ಮ ಹೊತ್ತನ್ನು ಕಳೆದ ರೀತಿ. ಅವರು ಹಾಸಿಗೆಗಳ ಬಳಿ ನಿಂತು ಒಬ್ಬೊಬ್ಬರಿಗೂ ಶುಶ್ರೂಷೆ ಮಾಡಿದ್ದರೆ ಅವರ ಮೇಲೆ ಒಂದು ಸೊಗಸಾದ ಕಥೆ ಬರೆಯಬಹುದಾಗಿತ್ತು. ಅವರು ಊರನ್ನು ನಾಲ್ಕು ಭಾಗ ಮಾಡಿದರು. ಒಂದೊಂದಕ್ಕೂ ಒಬ್ಬ ವೈದ್ಯನನ್ನು ನೇಮಿಸಿದರು. ಪೊಲೀಸರಿಗೆ ಮನೆಮನೆ ನೋಡುವುದನ್ನು ಕಲಿಸಿದರು. ರೈಲಿನ ಸರಕುಡಬ್ಬಿಗಳನ್ನು ಕೇಳಿ ಪಡೆದು ರೋಗಿಗಳ ಸಂಪರ್ಕವಿದ್ದವರನ್ನು ಅವುಗಳಲ್ಲಿ ಇರಿಸಿದರು. ಹೆಪ್ಪುಗಟ್ಟಿದ ನೆಲದ ಮೇಲೆ ರಾಶಿಬಿದ್ದಿದ್ದ ಹೆಣಗಳನ್ನು ಸುಡುವುದಕ್ಕೆ, ಪೂರ್ವಿಕರ ದೇಹವನ್ನು ಸುಡುವುದು ಮಹಾಪಾಪವೆಂದು ತಿಳಿದ ಆ ದೇಶದಲ್ಲಿ, ಅರಮನೆಯ ಅಪ್ಪಣೆಯನ್ನೇ ತರಿಸಿದರು. ಅಪ್ಪಣೆ ಬರುವವರೆಗೆ ಕಾದರು ಎಂಬುದನ್ನೂ ಸೇರಿಸಿ ಹೇಳಬೇಕು. ಮಾರ್ಚ್ ತಿಂಗಳ ಹೊತ್ತಿಗೆ ಹರ್ಬಿನ್ನಿನಲ್ಲಿ ರೋಗ ನಿಂತಿತು. ಆ ಚಳಿಗಾಲದಲ್ಲಿ ಮಂಚೂರಿಯದಲ್ಲಿ ಸತ್ತವರು ಸುಮಾರು ಅರುವತ್ತು ಸಾವಿರ.

ಸತ್ಯವನ್ನು ಕಂಡವನು ತಂಡವನ್ನು ಕಟ್ಟಲಾರದೆ ಹೋದರೆ ಹೇಗೆ ಎಂಬುದಕ್ಕೆ ವಿಯೆನ್ನಾ ನಗರದ ಸೆಮ್ಮೆಲ್‌ವೈಸ್ ಎಂಬ ವೈದ್ಯರ ಕಥೆಯುಂಟು. 1847ರಲ್ಲಿ ಅವರು, ಹೆರಿಗೆಯ ಕೋಣೆಗೆ ಬರುವ ಡಾಕ್ಟರುಗಳೆಲ್ಲ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದರು. ನೂರಕ್ಕೆ ಹತ್ತು ಮೀರಿ ಸಾಯುತ್ತಿದ್ದ ಬಾಣಂತಿಯರು ಎರಡರ ಸುಮಾರಿಗೆ ಇಳಿದರು. ಇಷ್ಟು ದೊಡ್ಡ ಉಪಕಾರವನ್ನು ಜಗತ್ತು ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿತ್ತಲ್ಲವೆ? ಆದರೆ ಸೆಮ್ಮೆಲ್‌ವೈಸರು ತಮ್ಮ ಪ್ರಯೋಗವನ್ನು ವಿವರವಾಗಿ ಪ್ರಕಟಿಸುವುದಕ್ಕೆ ಹದಿನಾಲ್ಕು ವರ್ಷ ತಡಮಾಡಿದರು. ಒಪ್ಪದ ವೈದ್ಯರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಕರೆದರು. ಕೊನೆಗೆ 1865ರಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರನ್ನು ನೆನೆದರೆ ದುಃಖವಾಗುತ್ತದೆ, ಗೌರವವೂ ಮೂಡುತ್ತದೆ. ಆದರೂ ಮುಖ್ಯಸ್ಥನಾಗಬೇಕಾದವನಿಗೆ ತಾನು ಹೇಳುವುದು ಸರಿಯಾಗಿದ್ದರೆ ಸಾಲದು. ಎದುರಿನವನು ಮಾನ ಕಳೆದುಕೊಳ್ಳದೆ ಅದನ್ನು ಒಪ್ಪುವ ದಾರಿಯನ್ನೂ ಅವನೇ ಹಾಕಿಕೊಡಬೇಕು.

ಈಗ ಮತ್ತೆ ತರಗುಪೇಟೆಗೆ ಬರೋಣ. ಅಲ್ಲಿಯ ಚಿಕ್ಕ ಲಾಲ್‌ಬಾಗಿನ ಬಳಿ ಒಂದು ಕಾಲದಲ್ಲಿ ಕಣ್ಣಿನ ಆಸ್ಪತ್ರೆಯಿತ್ತು. 1896ರಲ್ಲಿ ಸಣ್ಣದಾಗಿ ಪ್ರಾರಂಭವಾದ ಈ ಆಸ್ಪತ್ರೆಯೇ 1913ರಲ್ಲಿ ಹತ್ತಿರದ ದೊಡ್ಡ ಕಲ್ಲಿನ ಕಟ್ಟಡವನ್ನು ಸೇರಿ, ಲಾರ್ಡ್ ಮಿಂಟೋ ಅವರ ಹೆಸರಿನಿಂದ ಮಿಂಟೋ ಆಸ್ಪತ್ರೆಯಾಯಿತು. ಪ್ಲೇಗಿನಂಥ ಮಹಾಮಾರಿಯನ್ನು ಬಿಟ್ಟು, ದಿನನಿತ್ಯದ ಆಸ್ಪತ್ರೆಯಲ್ಲಿ ತಂಡವೆಂದರೆ ಏನೆಂಬುದನ್ನು ನೋಡಲು ಕಣ್ಣಿನ ಪೊರೆ ತೆಗೆಯುವ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪೊರೆ ತೆಗೆದ ಶಸ್ತ್ರವೈದ್ಯನ ಹೆಸರನ್ನು ರೋಗಿಯು ಸಾಯುವವರೆಗೂ ನೆನೆಯುತ್ತಾನೆ. ಆದರೆ ಹಿಂದಿನ ಪದ್ಧತಿಯಲ್ಲಿ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ರೋಗಿಯು ಎರಡು ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು, ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ ಇಟ್ಟುಕೊಂಡು, ದಿನಗಟ್ಟಲೆ ಅಂಗಾತ ಮಲಗಿರಬೇಕಾಗಿತ್ತು. ಒಂದು ಕೆಮ್ಮು ಬಂದರೂ ಕಷ್ಟ. ಆ ರಾತ್ರಿಗಳಲ್ಲಿ ಅವನ ಕಣ್ಣನ್ನು ಉಳಿಸುತ್ತಿದ್ದವನು ಮನೆಗೆ ಹೋಗಿ ಮಲಗಿದ ಶಸ್ತ್ರವೈದ್ಯನಲ್ಲ. ಮಗ್ಗುಲಾಗಬೇಡವೆಂದು ಮೈಮೇಲೆ ಕೈಯಿಟ್ಟು ಕೂತ ವಾರ್ಡಿನ ಆಳು, ಪಟ್ಟಿಯನ್ನು ಕೈತೊಳೆದು ಬಿಚ್ಚಿದ ದಾದಿ, ಉಪಕರಣಗಳನ್ನು ಕುದಿಸುವ ನೀರು ನಿಜವಾಗಿಯೂ ಕುದಿಯುತ್ತಿದೆಯೆ ಎಂದು ನೋಡಿದ ಕಾಂಪೌಂಡರು, ಇವರು ಉಳಿಸುತ್ತಿದ್ದರು. ಕಣ್ಣು ಕೀವಾಗಿ ಕೆಟ್ಟರೆ ಅಪಕೀರ್ತಿ ವೈದ್ಯನಿಗೆ. ನೀರು ಕುದಿದಿರಲಿಲ್ಲವೆಂಬ ಸಂಗತಿ ಕಾಂಪೌಂಡರಿಗೊಬ್ಬನಿಗೆ ಗೊತ್ತು.

ಮುಖ್ಯಸ್ಥನಾದವನಿಗೆ ಈ ಸಂಗತಿ ತಿಳಿದುಬರಬೇಕು. ಹೇಗೆ ತಿಳಿದುಬಂದೀತು? ಅವನು ಗದರುವವನಾದರೆ ಎಂದಿಗೂ ತಿಳಿಯದು. ನಮ್ಮ ದೇಶದಲ್ಲಿ ಇದು ಇನ್ನೂ ಕಷ್ಟ. ನಿನ್ನೆಯವರೆಗೆ ಜೊತೆಯಲ್ಲಿ ಕಾಫಿ ಕುಡಿದು, "ಏನಯ್ಯಾ" ಎನ್ನುತ್ತಿದ್ದ ಗೆಳೆಯನು ಇಂದು ಬಾಗಿಲಲ್ಲಿ ನಿಂತು "ಸಾರ್" ಎನ್ನುತ್ತಾನೆ. ಜವಾನನು ಮೊದಲು ತನ್ನ ಮಗಳ ಜ್ವರದ ಮಾತನ್ನಾಡುತ್ತಿದ್ದವನು ಈಗ ಕಡತ ಇಟ್ಟು ಹಿಂದಕ್ಕೆ ಸರಿಯುತ್ತಾನೆ. ಗೌರವವೆಂದು ತೋರುವ ಈ ಸರಿಯುವಿಕೆಯಿಂದ ಸುದ್ದಿ ಬರುವ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ರೋಗಿಯ ನಾಡಿಯನ್ನು ಹಿಡಿದರೆ ಅದು ಸುಳ್ಳು ಹೇಳುವುದಿಲ್ಲ. ಮುಖ್ಯಸ್ಥನ ಎದುರಿನಲ್ಲಿ ಆಸ್ಪತ್ರೆಯೆಲ್ಲ ಸುಳ್ಳು ಹೇಳುತ್ತದೆ. ಎಲ್ಲವೂ ಸರಿಯಾಗಿದೆ ಎನ್ನುತ್ತದೆ. ಆದುದರಿಂದ ಕೆಟ್ಟ ಸುದ್ದಿ ತಂದವನಿಗೆ ಕುಳಿತುಕೊಳ್ಳಲು ಕುರ್ಚಿ ಹಾಕಿಸುವುದು ಮುಖ್ಯಸ್ಥನು ಮೊದಲ ತಿಂಗಳಲ್ಲಿಯೇ ಬೆಳೆಸಿಕೊಳ್ಳಬೇಕಾದ ಅಭ್ಯಾಸ. ರಾತ್ರಿ ಪಾಳಿಯ ಹೊತ್ತಿನಲ್ಲಿ, ಹೇಳದೆ ಕೇಳದೆ, ಆದರೆ ತಪ್ಪು ಹಿಡಿಯುವುದಕ್ಕಲ್ಲದೆ, ಒಂದು ಸುತ್ತು ಬರುವುದೂ ಒಳ್ಳೆಯದೇ. ಜಾಡಮಾಲಿಯ ಹೆಸರು ತಿಳಿದಿರುವ ಮುಖ್ಯಸ್ಥನಿಗೆ ಆಸ್ಪತ್ರೆಯ ಅರ್ಧ ಸ್ಥಿತಿ ತಿಳಿದಂತೆ.

ಇನ್ನು ಹಳೆಯ ಕಸಬನ್ನು ಪೂರ್ತಿ ಬಿಡಬೇಕೆ ಎಂಬ ಪ್ರಶ್ನೆ. ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಬಿಡಲೇಬಾರದು, ಬಿಟ್ಟರೆ ವೈದ್ಯರು ಅವನನ್ನು ಗುಮಾಸ್ತನೆಂದು ಕಾಣುವರು ಎಂದು ಒಂದು ಪಕ್ಷ. ಬಿಡದೆ ಹೋದರೆ ಎರಡೂ ಕೆಡುವುದೆಂದು ಇನ್ನೊಂದು. ನಾನು ಎರಡನೆಯ ಪಕ್ಷದ ಕಡೆಗೆ ವಾಲುವವನು. ಆದರೆ ಒಂದು ರಿಯಾಯಿತಿ ಕೊಡುತ್ತೇನೆ. ವಾರಕ್ಕೊಂದು ಬೆಳಗ್ಗೆ ಅವನು ಹೊರರೋಗಿಗಳನ್ನು ನೋಡಲಿ. ಕೈ ತುಕ್ಕು ಹಿಡಿಯದಿರಲಿ ಎಂಬುದಕ್ಕಿಂತಲೂ, ತಾನೇ ಮಾಡಿದ ನಿಯಮಗಳು ರೋಗಿಯ ಕಡೆಯಿಂದ ಹೇಗೆ ಕಾಣುತ್ತವೆ, ಚೀಟಿಗೆ ಎಷ್ಟು ಹೊತ್ತು ನಿಲ್ಲಬೇಕು, ಬರೆದ ಔಷಧ ಔಷಧಶಾಲೆಯಲ್ಲಿದೆಯೆ ಎಂಬುದು ಆ ಬೆಳಗ್ಗೆ ಕಾಣುತ್ತದೆ. ಆದರೆ ಕಠಿಣವಾದ ಶಸ್ತ್ರಚಿಕಿತ್ಸೆ ಬಂದಾಗಲೆಲ್ಲ ಕಿರಿಯನನ್ನು ಪಕ್ಕಕ್ಕೆ ಸರಿಸಿ ತಾನೇ ಕೈಹಾಕುವ ಮುಖ್ಯಸ್ಥನನ್ನು ನಾನು ಮೆಚ್ಚಲಾರೆ. ಅದು ನೋಡುವುದಕ್ಕೆ ಕರ್ತವ್ಯನಿಷ್ಠೆಯಂತೆ ಇರುತ್ತದೆ. ಬಹುಮಟ್ಟಿಗೆ ಅದು ಮೆಚ್ಚುಗೆಯ ಆಸೆ. ಹಾಸಿಗೆಯ ಬಳಿಯ ವೈದ್ಯನಿಗೆ ಸಂಜೆಯ ಹೊತ್ತಿಗೆ ಕೈಮುಗಿಯುವವರು ನಾಲ್ಕು ಜನರಾದರೂ ಇರುತ್ತಾರೆ. ಬಾರದೆ ಹೋದ ರೋಗಕ್ಕಾಗಿ ಕೃತಜ್ಞತೆ ಹೇಳಲು ಆರೋಗ್ಯಾಧಿಕಾರಿಯ ಮನೆಗೆ ಯಾರೂ ಬರುವುದಿಲ್ಲ. ಈ ಕಸಬಿನ ಸಂಬಳ ಹೆಚ್ಚಾದರೂ ಇದರಲ್ಲಿ ಈ ಒಂದು ಬಡತನವುಂಟು. ಅದನ್ನು ಸಹಿಸಲಾರದವರು ಹಿಂದಕ್ಕೆ ಹಾಸಿಗೆಯ ಬಳಿಗೆ ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಹಾಗೆ ಹೋಗುವುದಕ್ಕೆ ದಾರಿಯನ್ನು ಆಡಳಿತದವರು ತೆರೆದಿಟ್ಟಿರಬೇಕು.

ಲೆಕ್ಕಪತ್ರದ ಮಾತನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. ಅದು ಬೇಸರದ ವಿಷಯವೆಂದು ವೈದ್ಯರೆಲ್ಲರ ಅಭಿಪ್ರಾಯ. ಆದರೆ ಹತ್ತಿಯೂ ಗಾಜಿನ ಸೀಸೆಯೂ ಯಾವ ತಿಂಗಳಲ್ಲಿ ಮುಗಿಯುವುವೆಂದು ತಿಳಿಯದ ಮುಖ್ಯಸ್ಥನ ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟುವುದಕ್ಕೆ ಹಳೆಯ ಪಂಚೆಯನ್ನೇ ಹರಿಯಬೇಕಾಗುವುದು.

1898ರ ಪ್ಲೇಗು ಬೆಂಗಳೂರಿನ ನಕ್ಷೆಯನ್ನೇ ಬದಲಾಯಿಸಿತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಿದ್ದು, ಆಗ ತಾನೇ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳಿಗೆ ಹೋದರು. 1892ರಲ್ಲಿ ಹುಟ್ಟಿದ ಚಾಮರಾಜಪೇಟೆ ತುಂಬಿತು. ಅಲ್ಲಿಯ ಮನೆಗಳ ಹಿಂದೆ ಕಾಣುವ ಕನ್ಸರ್ವೆನ್ಸಿ ಗಲ್ಲಿಗಳನ್ನು ಇಂದು ಕಾರು ನಿಲ್ಲಿಸುವುದಕ್ಕೆ ಉಪಯೋಗಿಸುವವರು, ಅವು ಕೊಳಚೆಯನ್ನು ಮನೆಯ ಮುಂಬಾಗಿಲಿಗೆ ತಾರದೆ ಸಾಗಿಸುವುದಕ್ಕಾಗಿ ಬಿಟ್ಟ ಓಣಿಗಳೆಂಬುದನ್ನು ಮರೆತಿರಬಹುದು. ತರಗುಪೇಟೆಗೆ ಸಮೀಪದಲ್ಲಿಯೇ, 1897ರ ಜೂನ್ 22ರಂ‌ದು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಅಡಿಗಲ್ಲಿಟ್ಟ ವಿಕ್ಟೋರಿಯ ಆಸ್ಪತ್ರೆಯನ್ನು 1900ರ ಡಿಸೆಂಬರ್ 8ರಂದು ಲಾರ್ಡ್ ಕರ್ಜನ್ ತೆರೆದರು. ಅಡಿಗಲ್ಲಿಟ್ಟ ಆ ದಿನವೇ ಪುಣೆಯಲ್ಲಿ ರ‍್ಯಾಂಡ್ ಸಾಹೇಬರಿಗೆ ಗುಂಡು ಬಿದ್ದ ದಿನ. ಎರಡು ಕಡೆಯೂ ನಡೆಯುತ್ತಿದ್ದುದು ವಿಕ್ಟೋರಿಯ ರಾಣಿಯ ಆಳ್ವಿಕೆಯ ಅರುವತ್ತನೆಯ ವರ್ಷದ ಉತ್ಸವ. ನೂರಿಪ್ಪತ್ತು ವರ್ಷಗಳ ಮೇಲೆ, 2020ರಲ್ಲಿ, ಕೋವಿಡ್ ಎಂಬ ಇನ್ನೊಂದು ಸಾಂಕ್ರಾಮಿಕ ಬಂದಾಗ ಸರ್ಕಾರವು ಈ ವಿಕ್ಟೋರಿಯ ಆಸ್ಪತ್ರೆಯನ್ನು ಅದರ ಚಿಕಿತ್ಸೆಗೆ ಮೀಸಲಿಟ್ಟಿತು. ಆಗಲೂ ಹೆಸರಾಂತ ವೈದ್ಯರು, ಮೊದಲ ತಿಂಗಳುಗಳಲ್ಲಿ ಖಚಿತವಾದ ಮದ್ದಿಲ್ಲದೆ, ಹಾಸಿಗೆಗಳನ್ನೂ ಆಮ್ಲಜನಕವನ್ನೂ ದಾದಿಯರ ಪಾಳಿಗಳನ್ನೂ ಎಣಿಸುತ್ತ ಕೂತಿರಬೇಕಾಯಿತು.

ಪಲ್ಪು ಅವರು ಬೆಂಗಳೂರಿನಲ್ಲಿ ದುಡಿಯುತ್ತಲೇ ತಮ್ಮ ನಾಡಿನ ಜನರ ಹಕ್ಕುಗಳಿಗಾಗಿಯೂ ಹೋರಾಡಿದರು. 1896ರಲ್ಲಿ, ಅಂದರೆ ಪ್ಲೇಗಿಗೆ ಎರಡು ವರ್ಷ ಮುಂಚೆ, 13,176 ಜನ ಈಳವರ ರುಜುಗಳನ್ನು ಕೂಡಿಸಿ ತಿರುವಾಂಕೂರಿನ ಮಹಾರಾಜರಿಗೆ ಒಂದು ಮನವಿಯನ್ನು ಒಪ್ಪಿಸಿದವರು ಅವರು. ಟೆಲಿಫೋನಿಲ್ಲದ ಕಾಲದಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದವರೊಬ್ಬರು, ಅಷ್ಟು ದೂರದ ಹಳ್ಳಿಹಳ್ಳಿಗಳಿಂದ ಅಷ್ಟು ರುಜುಗಳನ್ನು ತರಿಸಬೇಕಾದರೆ ಎಷ್ಟು ಜನರನ್ನು ಒಪ್ಪಿಸಿರಬೇಕು, ಎಷ್ಟು ಕಾಗದ ಬರೆದಿರಬೇಕು, ಯಾರಿಗೆ ಯಾವ ಊರನ್ನು ಹಂಚಿರಬೇಕು! ಪ್ಲೇಗಿನ ವೇಳೆಗೆ ಅವರಿಗೆ ಆ ಬೇರೆ ವಿದ್ಯೆಯ ಅಕ್ಷರಾಭ್ಯಾಸ ಆಗಿಯೇ ಇತ್ತೆಂದು ಕಾಣುತ್ತದೆ. ಅವರು ತೀರಿಕೊಂಡದ್ದು 1950ರ ಜನವರಿ 25ರಂದು, ನಮ್ಮ ದೇಶವು ಗಣರಾಜ್ಯವಾಗುವ ಹಿಂದಿನ ದಿನ.